ಹುರುಳಿ ಹಿಡಿದ ರಕ್ತದ ಗುರುತು

ಅರಸೀಕೆರೆ ಸೀಮೆಯ ಕೆಂಪು ಮರಳು ನೆಲದಲ್ಲಿ ಮಳೆ ಕೈಕೊಟ್ಟ ವರ್ಷವೂ ರೈತನ ಕೈ ಬಿಡದ ಬೆಳೆ ಹುರುಳಿ. ಮುಂಗಾರು ತಡವಾಗಿ ರಾಗಿಯ ಬಿತ್ತನೆಯೇ ತಪ್ಪಿಹೋದರೂ ಶ್ರಾವಣ ಕಳೆದ ಮೇಲೆ ಒಂದೆರಡು ಹದಮಳೆ ಬಿದ್ದರೆ ಹುರುಳಿ ಚೆಲ್ಲಬಹುದು, ಮಾಗಿಯ ಹೊತ್ತಿಗೆ ಕಿತ್ತು ಕಣಕ್ಕೆ ತರಬಹುದು. ಪಶ್ಚಿಮಕ್ಕೆ ಹಳೇಬೀಡು ದಾಟಿ ಬೇಲೂರಿನ ಕಡೆಗೆ ಸಾಗಿದಂತೆ ಮಳೆ ಹೆಚ್ಚುತ್ತದೆ, ಭತ್ತ ಮತ್ತು ಕಾಫಿ ಮುಂದೆ ಬಂದು ಹುರುಳಿ ಹಿಂದೆ ಸರಿಯುತ್ತದೆ. ಒಣಭೂಮಿಯ ಬಡವರ ಬೆಳೆಯೆಂದೇ ಇದಕ್ಕೆ ಹೆಸರು. ಬೇಯಿಸಿದ ಕಾಳು ಎತ್ತಿನ ಬಾನಿಗೆ, ಬಸಿದ ಕಟ್ಟು ಮನೆಯ ಸಾರಿಗೆ. ಈ ಕಾಳಿಗೆ ಇಪ್ಪತ್ತನೆಯ ಶತಮಾನದ ರಕ್ತವಿಜ್ಞಾನದಲ್ಲಿ ಒಂದು ಖಚಿತವಾದ, ದಾಖಲೆಯಿರುವ ಸ್ಥಾನವಿದೆ. ಒಂದು ರಕ್ತಕಣವನ್ನು ಇನ್ನೊಂದರಿಂದ ಬೇರ್ಪಡಿಸಿ ಗುರುತಿಸುವ ವಿದ್ಯೆಯ ಚರಿತ್ರೆಯನ್ನು ಪ್ರತಿಕಾಯಗಳಿಂದ, ಅಂದರೆ ಪ್ರಾಣಿದೇಹ ತಯಾರಿಸುವ ರೋಗರಕ್ಷಕ ಪ್ರೋಟೀನುಗಳಿಂದ ಆರಂಭಿಸುವುದು ವಾಡಿಕೆ. ಆ ಆರಂಭ ಸರಿಯಲ್ಲ, ಬೀಜಗಳನ್ನು ಬಿಟ್ಟು ಆ ಚರಿತ್ರೆಯನ್ನು ಬರೆದರೆ ಅದು ಅರ್ಧ ಚರಿತ್ರೆ ಎಂಬುದು ಈ ಲೇಖನದ ವಾದ.

ವಾಡಿಕೆಯ ಕಥೆ ಹೀಗೆ ಸಾಗುತ್ತದೆ. ಇಂದು ರಕ್ತಕ್ಯಾನ್ಸರಿನ ಪ್ರಯೋಗಾಲಯದಲ್ಲಿ ಕೋಶದ ನ್ಯೂಕ್ಲಿಯಸ್ಸಿನೊಳಗೆ ಯಾವ ಟ್ರಾನ್‌ಸ್ಕ್ರಿಪ್ಷನ್ ಫ್ಯಾಕ್ಟರ್ ಇದೆ ಎಂದು ನೋಡುತ್ತಾರೆ. ಟ್ರಾನ್‌ಸ್ಕ್ರಿಪ್ಷನ್ ಫ್ಯಾಕ್ಟರ್ ಎಂದರೆ ಡಿಎನ್‌ಎ ಮೇಲೆ ನಿರ್ದಿಷ್ಟ ಜಾಗಕ್ಕೆ ಅಂಟಿಕೊಂಡು ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂದು ತೀರ್ಮಾನಿಸುವ ಪ್ರೋಟೀನು. ಮೂಳೆಮಜ್ಜೆಯ ಮೂಲಕೋಶವೊಂದು ಕೆಂಪು ಕಣವಾಗಬೇಕಾದರೆ ಗಾಟಾ-1 ಎಂಬ ಫ್ಯಾಕ್ಟರ್ ಬೇಕು; ಬಿಳಿ ಕಣಗಳ ಕೆಲವು ಬಗೆಗಳಿಗೆ ಪಿಯು.1 ಬೇಕು. ಇವುಗಳಲ್ಲೊಂದನ್ನು ಕಣ್ಣಿಗೆ ಕಾಣಿಸಲು ಅದಕ್ಕೇ ಅಂಟುವ, ಬಣ್ಣದ ಗುರುತು ಕಟ್ಟಿದ ಪ್ರತಿಕಾಯವನ್ನು ಬಳಸುತ್ತಾರೆ. ಅಂಥ ಪ್ರತಿಕಾಯವನ್ನು ಒಂದೇ ಸಂತತಿಯ ಕೋಶಗಳಿಂದ, ಒಂದೇ ಗುಣದಲ್ಲಿ, ಬೇಕಾದಷ್ಟು ಪಡೆಯುವ ವಿಧಾನವನ್ನು 1975ರಲ್ಲಿ ಕೇಂಬ್ರಿಡ್ಜಿನಲ್ಲಿ ಜಾರ್ಜಸ್ ಕೋಹ್ಲರ್ ಮತ್ತು ಸೀಸರ್ ಮಿಲ್‌ಸ್ಟೀನ್ ತೋರಿಸಿದರು. 1984ರಲ್ಲಿ ನೀಲ್ಸ್ ಯೆರ್ನ ಜೊತೆಗೆ ನೊಬೆಲ್ ಪಡೆದರು. ಈ ಸಾಧನೆಯ ದೊಡ್ಡತನದ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಆದರೆ ಒಂದು ಅಣುವನ್ನು ಹಿಡಿದು ಅದರ ಪಕ್ಕದ, ಹೆಚ್ಚುಕಡಿಮೆ ಅದೇ ರೂಪದ ಅಣುವನ್ನು ಬಿಡುವ ಗುಣ, ಅಂದರೆ ನಿರ್ದಿಷ್ಟತೆ, ಪ್ರಯೋಗಾಲಯದ ಅರಿವಿಗೆ ಬಂದದ್ದು ಎಲ್ಲಿಂದ ಎಂದು ಕೇಳಿದರೆ ನಾವು ಇನ್ನೂ ಹಿಂದಕ್ಕೆ, ಹೊಲದ ಬದುವಿಗೇ ಹೋಗಬೇಕಾಗುತ್ತದೆ.

1888ರಲ್ಲಿ ಇಂದಿನ ಎಸ್ಟೋನಿಯಾದ ಡೋರ್ಪಾಟ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಹರ್ಮನ್ ಸ್ಟಿಲ್‌ಮಾರ್ಕ್ ಎಂಬ ವಿದ್ಯಾರ್ಥಿ ತನ್ನ ಪ್ರಬಂಧಕ್ಕಾಗಿ ಹರಳು ಬೀಜದ ವಿಷವನ್ನು ಪರೀಕ್ಷಿಸಿದ. ಆ ಬೀಜದ ಸಾರ ಬೆರೆಸಿದಾಗ ಕೆಂಪು ರಕ್ತಕಣಗಳು ಒಂದಕ್ಕೊಂದು ಅಂಟಿ ಗಡ್ಡೆಗಟ್ಟುವುದನ್ನು ಕಂಡ. ನಮ್ಮ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಬೆಳೆಯುವ ಅದೇ ಹರಳು. ಮೂರು ವರ್ಷದ ಬಳಿಕ, 1891ರಲ್ಲಿ, ಪಾಲ್ ಎರ್ಲಿಕ್ ಈ ಹರಳಿನ ವಿಷವನ್ನೂ ಗುಲಗಂಜಿಯ ವಿಷವನ್ನೂ ಇಲಿಗಳಿಗೆ ಸ್ವಲ್ಪಸ್ವಲ್ಪವೇ ಕೊಟ್ಟು ಅವುಗಳಲ್ಲಿ ಪ್ರತಿರೋಧ ಹುಟ್ಟಿಸಿದ. ಹರಳಿನ ವಿಷ ತಾಳಿಕೊಳ್ಳಲು ಕಲಿತ ಇಲಿ ಗುಲಗಂಜಿಯ ವಿಷಕ್ಕೆ ಸತ್ತಿತು. ಗುಲಗಂಜಿಗೆ ಒಗ್ಗಿದ್ದು ಹರಳಿಗೆ ಸತ್ತಿತು. ಪ್ರತಿಕಾಯ ಎಂಬುದು ಸಾಮಾನ್ಯ ಶಕ್ತಿವರ್ಧನೆಯಲ್ಲ, ಪ್ರತಿ ಶತ್ರುವಿಗೂ ಬೇರೆ ಬೇರೆಯಾಗಿ ತಯಾರಾಗುವ ಅಸ್ತ್ರ ಎಂಬ ತಿಳುವಳಿಕೆಗೆ ಈ ಪ್ರಯೋಗಗಳು ಬುನಾದಿ. ಪ್ರತಿಕಾಯದ ನಿರ್ದಿಷ್ಟತೆಯನ್ನು ಅಳೆದು ತೋರಿಸಲು ಬಳಕೆಯಾದ ಮೊದಮೊದಲ ಒರೆಗಲ್ಲುಗಳಲ್ಲೇ ಎರಡು ಬೀಜಗಳಿದ್ದವು ಎಂಬ ಮಾತನ್ನು ಪಠ್ಯಪುಸ್ತಕಗಳು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ.

ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ಮನುಷ್ಯರ ರಕ್ತಗುಂಪುಗಳನ್ನು ವಿವರಿಸಿದ. 1911ರಲ್ಲಿ ಎಮಿಲ್ ಫಾನ್ ಡುಂಗರ್ನ್ ಮತ್ತು ಲುಡ್ವಿಕ್ ಹಿರ್ಷ್‌ಫೆಲ್ಡ್ ಎ ಗುಂಪು ಒಂದೇ ಅಲ್ಲ, ಅದರಲ್ಲಿ ಒಳಗುಂಪುಗಳಿವೆ ಎಂದು ತೋರಿಸಿದರು. ಇವೇ ಇಂದಿನ ಎ1 ಮತ್ತು ಎ2. ಎ1 ಕಣವೊಂದರ ಮೈಮೇಲೆ ಎ ಪ್ರತಿಜನಕದ, ಅಂದರೆ ಪ್ರತಿಕಾಯ ಅಂಟುವ ಗುರುತಿನ, ಸುಮಾರು 8ರಿಂದ 10 ಲಕ್ಷ ನೆಲೆಗಳಿದ್ದರೆ ಎ2 ಕಣದಲ್ಲಿ ಸುಮಾರು 2.5 ಲಕ್ಷ ಮಾತ್ರ. ಸಕ್ಕರೆ ಸರಪಳಿಗಳ ಜೋಡಣೆಯಲ್ಲೂ ವ್ಯತ್ಯಾಸವಿದೆ. ಇವೆರಡನ್ನು ಬೇರ್ಪಡಿಸಲು ಆಗ ಇದ್ದ ದಾರಿ ತ್ರಾಸದ್ದು. ಬಿ ಗುಂಪಿನವರ ಸೀರಂ ತೆಗೆದುಕೊಂಡು, ಅದರೊಳಗೆ ಎ2 ಕಣಗಳನ್ನು ಹಾಕಿ, ಅವಕ್ಕೆ ಅಂಟುವ ಪ್ರತಿಕಾಯಗಳೆಲ್ಲ ಅಂಟಿಹೋದ ಮೇಲೆ ಕಣಗಳನ್ನು ಬೇರ್ಪಡಿಸಬೇಕು. ಉಳಿದ ದ್ರವದಲ್ಲಿ ಎ1 ಅನ್ನು ಮಾತ್ರ ಹಿಡಿಯುವ ಪ್ರತಿಕಾಯ ಇರುತ್ತದೆ. ಹೆಚ್ಚು ಹೀರಿಸಿದರೆ ಸತ್ವ ಹೋಗುತ್ತದೆ, ಕಡಿಮೆ ಹೀರಿಸಿದರೆ ಎ2 ಕಣವನ್ನೂ ಹಿಡಿಯುತ್ತದೆ. ದಾನಿ ಬದಲಾದಂತೆ ಗುಣವೂ ಬದಲಾಗುತ್ತದೆ. ಜೊತೆಗೆ ಸೀರಂ ಕೆಡದಂತೆ ತಣ್ಣಗಿಡುವ ವ್ಯವಸ್ಥೆ ಬೇಕು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ರಕ್ತದಾನ ದೊಡ್ಡ ಪ್ರಮಾಣದ ಕೆಲಸವಾಗಿತ್ತು, ಪರೀಕ್ಷಾದ್ರವಗಳ ಅಗತ್ಯವೂ ಹಾಗೆಯೇ ಬೆಳೆದಿತ್ತು.

ಬೀಜಗಳು ಮತ್ತೆ ರಂಗಕ್ಕೆ ಬಂದದ್ದು ಇಲ್ಲಿ. ಫಿನ್‌ಲ್ಯಾಂಡಿನ ರೆಂಕೋನೆನ್ 1948ರಲ್ಲಿ, ಬಾಸ್ಟನ್ನಿನ ವಿಲಿಯಂ ಬಾಯ್ಡ್ 1949ರಲ್ಲಿ, ಕೆಲವು ಬೀಜಗಳ ಸಾರ ಮನುಷ್ಯನ ಎಲ್ಲ ಕೆಂಪು ಕಣಗಳನ್ನೂ ಹಿಡಿಯುವುದಿಲ್ಲ, ಗುಂಪು ನೋಡಿ ಹಿಡಿಯುತ್ತದೆ ಎಂದು ಪ್ರಕಟಿಸಿದರು. ಬಾಯ್ಡ್ ಬಳಸಿದ್ದು ನಾವು ಡಬಲ್ ಬೀನ್ಸ್ ಎಂದು ಕೊಳ್ಳುವ ಕಾಳಿನ ಜಾತಿ. ಅದು ಎ ಕಣಗಳನ್ನು ಹಿಡಿಯುತ್ತಿತ್ತು, ಆದರೆ ಎ1 ಮತ್ತು ಎ2 ಅನ್ನು ಹುರುಳಿಯಷ್ಟು ಖಚಿತವಾಗಿ ಬಿಡಿಸುತ್ತಿರಲಿಲ್ಲ. ಆ ಹೆಜ್ಜೆಯನ್ನು ಇಟ್ಟದ್ದು ಭಾರತೀಯ ಸೇನೆಯ ವೈದ್ಯರಾಗಿದ್ದ ಜಿ. ಡಬ್ಲ್ಯು. ಜಿ. ಬರ್ಡ್. ಹುರುಳಿಯ ಸಾರ ಮನುಷ್ಯನ ರಕ್ತಕಣಗಳನ್ನು ಆಯ್ದು ಗಡ್ಡೆಗಟ್ಟಿಸುತ್ತದೆ ಎಂಬ ಅವರ ಕಿರು ಟಿಪ್ಪಣಿ 1951ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬಂತು. ಎ1, ಎ2 ವ್ಯತ್ಯಾಸದ ವಿವರ 1952ರಲ್ಲಿ ‘ನೇಚರ್’ನಲ್ಲಿ ಬಂತು. ವಿಧಾನ ಬೆರಗಾಗುವಷ್ಟು ಸರಳ. ಹುರುಳಿಯನ್ನು ಪುಡಿ ಮಾಡಿ ಉಪ್ಪುನೀರಿನಲ್ಲಿ ನೆನೆಸಿ ಸೋಸಬೇಕು. ತಿಳಿಯನ್ನು ಉಪ್ಪುನೀರಿನಲ್ಲೇ ಹಂತಹಂತವಾಗಿ ತೆಳುಮಾಡುತ್ತ ಹೋಗಬೇಕು. ದಪ್ಪ ತಿಳಿ ಎ1, ಎ2 ಎರಡನ್ನೂ ಹಿಡಿಯಬಹುದು. ತೆಳುವಾಗುತ್ತ ಹೋದಂತೆ ಒಂದು ಹದ ಬರುತ್ತದೆ. ಅಲ್ಲಿ ಎ1 ಕಣಗಳ ನಳಿಕೆಯನ್ನು ಮೆಲ್ಲಗೆ ಅಲ್ಲಾಡಿಸಿದರೆ ಕೆಂಪು ಗುಂಡಿಯಂಥ ಗಟ್ಟಿ ಗಡ್ಡೆ ಏಳುತ್ತದೆ, ಎ2 ಕಣಗಳು ಹೊಗೆಯ ಹಾಗೆ ಕದಡಿ ನೀರಿನಲ್ಲಿ ಹರಡುತ್ತವೆ. ಆ ಹದವೇ ಪರೀಕ್ಷಾದ್ರವ.

ಇಲ್ಲಿಗೆ ಬಂದಾಗ ಒಂದು ಪ್ರಲೋಭನೆ ಎದುರಾಗುತ್ತದೆ. ಹುರುಳಿ ನಮ್ಮದು, ಹಿಂದಿನವರಿಗೆ ಇದರ ಗುಣ ಗೊತ್ತಿತ್ತು, ರಕ್ತಗುಂಪಿನ ಜ್ಞಾನವೂ ಯಾವುದೋ ರೂಪದಲ್ಲಿ ಇದ್ದಿರಬೇಕು ಎಂದು ಹೇಳಿಬಿಡುವ ಪ್ರಲೋಭನೆ. ಇದಕ್ಕೆ ಪುರಾವೆ ಇಲ್ಲ, ಹೇಳಬಾರದು. ಹುರುಳಿಯನ್ನು ಬೇಯಿಸಿಯೇ ತಿನ್ನುವ, ಎತ್ತಿಗೂ ಬೇಯಿಸಿಯೇ ಇಡುವ ರೂಢಿ ಅನುಭವದ ವಿವೇಕ. ಹಸಿ ಕಾಳು ಹೊಟ್ಟೆಗೆ ಆಗಿಬರುವುದಿಲ್ಲ ಎಂಬ ತಿಳುವಳಿಕೆಯ ಹಿಂದೆ, ಸಕ್ಕರೆಗೆ ಅಂಟಿ ರಕ್ತಕಣಗಳನ್ನು ಗಡ್ಡೆಗಟ್ಟಿಸುವ, ಕುದಿಸಿದಾಗ ಶಕ್ತಿ ಕಳೆದುಕೊಳ್ಳುವ ಲೆಕ್ಟಿನ್‌ಗಳಂಥ ಪ್ರೋಟೀನುಗಳ ಪಾತ್ರವೂ ಇದೆ. ಅಷ್ಟು ಹೇಳಬಹುದು. ಕೆಂಪು ಕಣದ ಮೇಲಿನ ಸಕ್ಕರೆಗೂ ಆ ರೂಢಿಗೂ ಸಂಬಂಧ ಕಟ್ಟಲಾಗದು. ಆದರೆ ಇನ್ನೊಂದು ಬಗೆಯ ಹಕ್ಕುದಾರಿಕೆಗೆ ಗಟ್ಟಿ ಪುರಾವೆ ಇದೆ. ಬಳ್ಳಾರಿಯ ಸಂಗನಕಲ್ಲು, ತುಂಗಭದ್ರೆಯ ದಡದ ಹಳ್ಳೂರು ಮೊದಲಾದ ನವಶಿಲಾಯುಗದ ನೆಲೆಗಳ ಬೂದಿ ಮಣ್ಣನ್ನು ನೀರಿನಲ್ಲಿ ತೇಲಿಸಿ ಸೋಸಿದಾಗ ಸುಟ್ಟ ಹುರುಳಿ ಕಾಳುಗಳು ಸಿಕ್ಕಿವೆ. ಧಾರವಾಡದ ಪುರಾತತ್ತ್ವಜ್ಞ ರವಿ ಕೋರಿಶೆಟ್ಟರ್ ಮತ್ತು ಲಂಡನ್ನಿನ ಡೋರಿಯನ್ ಫುಲ್ಲರ್ ಮುಂತಾದವರ ಕೆಲಸದಿಂದ, ಹುರುಳಿ ಸುಮಾರು 4000 ವರ್ಷಗಳ ಹಿಂದೆಯೇ ದಕ್ಷಿಣ ಭಾರತದ ಒಣಸೀಮೆಯ ಬೇಸಾಯದಲ್ಲಿ ನೆಲೆಯೂರಿತ್ತು ಎಂಬುದು ಸ್ಪಷ್ಟವಾಗಿದೆ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂಥ ಪುರಾತನ ಕಾಳುಗಳನ್ನು ಸಿಂಕ್ರೋಟ್ರಾನ್ ಎಕ್ಸರೆಯಿಂದ ನೋಡಿ, ಕಾಲ ಸರಿದಂತೆ ಬೀಜದ ಸಿಪ್ಪೆ ತೆಳುವಾದದ್ದನ್ನು ತೋರಿಸಿತು. ಕಾಡು ಬೀಜದ ಸಿಪ್ಪೆ ದಪ್ಪ, ಬಿತ್ತಿದ ಕೂಡಲೆ ಮೊಳೆಯುವುದಿಲ್ಲ. ತೆಳು ಸಿಪ್ಪೆಯದು ಒಟ್ಟಿಗೇ ಮೊಳೆಯುತ್ತದೆ. ವರ್ಷವರ್ಷವೂ ಬಿತ್ತಿ ಬೆಳೆದವರ ಕೈಯಿಂದ ಆದ ಬದಲಾವಣೆ ಇದು. ಬರ್ಡ್ ಪುಡಿ ಮಾಡಿದ ಕಾಳು ಹೀಗೆ ನೂರಾರು ತಲೆಮಾರು ಒಕ್ಕಲುತನದ ಫಲ. ಶೋಧದ ಕೀರ್ತಿ ಬರ್ಡ್ ಅವರದು, ಕಾಳಿನ ಕೀರ್ತಿ ಬೆಳೆದವರದು. ಒಂದನ್ನು ಒಪ್ಪಲು ಇನ್ನೊಂದನ್ನು ಅಳಿಸಬೇಕಾಗಿಲ್ಲ.

ಈ ಲೇಖನದ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ. ಕಾಳಿನ ಲೆಕ್ಟಿನ್ ಪ್ರತಿಕಾಯವಲ್ಲ. ಅದು ಸಸ್ಯದ ಪ್ರೋಟೀನು, ಸಕ್ಕರೆಯನ್ನು ಮಾತ್ರ ಹಿಡಿಯುತ್ತದೆ, ಕೋಶದ ಹೊರಮೈಗೆ ಅಂಟುತ್ತದೆ. ನ್ಯೂಕ್ಲಿಯಸ್ಸಿನೊಳಗಿನ ಟ್ರಾನ್‌ಸ್ಕ್ರಿಪ್ಷನ್ ಫ್ಯಾಕ್ಟರ್ ಅದರ ಕೈಗೆ ಎಟುಕದು. ಹಾಗಿರುವಾಗ ಎರಡನ್ನೂ ಒಂದೇ ವಂಶಾವಳಿಯಲ್ಲಿ ಸೇರಿಸುವುದು ಹೇಗೆ? ಅಣುವಿನ ಹುಟ್ಟಿನಲ್ಲಿ ಸಂಬಂಧವಿಲ್ಲ ಎಂಬುದು ನಿಜ. ಸಂಬಂಧವಿರುವುದು ಪ್ರಯೋಗಾಲಯದ ಕೆಲಸದಲ್ಲಿ. 1960ರಲ್ಲಿ ಫಿಲಡೆಲ್ಫಿಯಾದ ಪೀಟರ್ ನೋವೆಲ್, ರಕ್ತದಿಂದ ಕೆಂಪು ಕಣಗಳನ್ನು ಗಡ್ಡೆಗಟ್ಟಿಸಿ ತೆಗೆಯಲು ಬಳಸುತ್ತಿದ್ದ ರಾಜ್ಮಾ ಕಾಳಿನ ಲೆಕ್ಟಿನ್, ಉಳಿದ ಲಿಂಫೋಸೈಟುಗಳೆಂಬ ಬಿಳಿ ಕಣಗಳನ್ನು ವಿಭಜನೆಗೆ ತೊಡಗಿಸುತ್ತದೆ ಎಂದು ತೋರಿಸಿದರು. ಲಿಂಫೋಸೈಟ್ ತನ್ನ ಆಯುಷ್ಯ ಮುಗಿಸಿದ, ಇನ್ನು ವಿಭಜನೆಯಾಗದ ಕೋಶ ಎಂಬ ನಂಬಿಕೆ ಅಲ್ಲಿಗೆ ಮುರಿಯಿತು. ಆ ಮೇಲೆ ಈ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಎಚ್ಚರಿಸಿ, ಎಚ್ಚರವಾದಾಗ ಒಳಗೆ ಏನಾಗುತ್ತದೆ ಎಂದು ನೋಡುವುದು ದಿನನಿತ್ಯದ ಕೆಲಸವಾಯಿತು. ಎಚ್ಚೆತ್ತ, ಟಿ ಕೋಶ ಎಂಬ ಬಗೆಯ ಲಿಂಫೋಸೈಟುಗಳಲ್ಲಿ ಜೀನ್‌ಗಳನ್ನು ಹೊತ್ತಿಸುವ ಎನ್‌ಎಫ್‌ಎಟಿ ಎಂಬ ಟ್ರಾನ್‌ಸ್ಕ್ರಿಪ್ಷನ್ ಫ್ಯಾಕ್ಟರನ್ನು 1988ರಲ್ಲಿ ಜೆರಾಲ್ಡ್ ಕ್ರ್ಯಾಬ್‌ಟ್ರೀ ಅವರ ಗುಂಪು ಗುರುತಿಸಿತು. ಆ ಬಗೆಯ ಶೋಧಗಳ ಹಿಂದೆ ಕಾಳಿನ ಲೆಕ್ಟಿನ್ ಕೊಟ್ಟ ಈ ಸೌಕರ್ಯವಿದೆ. ಕಡಲೆಕಾಯಿಯ ಲೆಕ್ಟಿನ್ನಿನ ಗುಣವನ್ನು 1964ರಲ್ಲಿ ವಿವರಿಸಿದವರೂ ಬರ್ಡ್ ಅವರೇ. 1976ರಲ್ಲಿ ಇಸ್ರೇಲಿನ ವೈಜ್ಮನ್ ಸಂಸ್ಥೆಯ ಯಾಯಿರ್ ರೈಸ್ನರ್, ನಾಥನ್ ಶಾರನ್ ಮತ್ತು ಸಂಗಡಿಗರು ಅದನ್ನು ಬಳಸಿ ಇಲಿಯ ಥೈಮಸ್ ಗ್ರಂಥಿಯ ಎಳೆಯ ಕೋಶಗಳನ್ನು ಬಲಿತವುಗಳಿಂದ ಬೇರ್ಪಡಿಸಿದರು. ಸೋಯಾಬೀನಿನ ಲೆಕ್ಟಿನ್ ಬಳಸಿ ಮೂಳೆಮಜ್ಜೆಯಿಂದ ಅಪಾಯಕಾರಿ ಟಿ ಕೋಶಗಳನ್ನು ತೆಗೆದು, ರೋಗನಿರೋಧಕ ಶಕ್ತಿಯೇ ಇಲ್ಲದೆ ಹುಟ್ಟಿದ ಮಕ್ಕಳಿಗೆ ತಂದೆತಾಯಿಯ ಮಜ್ಜೆ ಕಸಿ ಮಾಡುವ ಚಿಕಿತ್ಸೆ 1980ರ ದಶಕದಲ್ಲಿ ನೆಲೆಗೊಂಡಿತು. ಬೀಜದ ಪ್ರೋಟೀನು ಇಲ್ಲಿ ಮಕ್ಕಳ ಜೀವ ಉಳಿಸಿದೆ.

ಸಂಬಂಧದ ಇನ್ನೊಂದು ಎಳೆ ನನಗೆ ಇನ್ನೂ ಮುಖ್ಯವೆನಿಸುತ್ತದೆ: ಶಿಸ್ತು. ಹುರುಳಿಯ ಲೆಕ್ಟಿನ್ ಹಿಡಿಯುವುದು ಎನ್-ಅಸಿಟೈಲ್ ಗ್ಯಾಲಕ್ಟೋಸಮಿನ್ ಎಂಬ ಸಕ್ಕರೆಯನ್ನು. ಎ1 ಕಣದ ಮೇಲೆ ಅದು ಧಾರಾಳವಾಗಿದೆ. ಆದರೆ ಕ್ಯಾಡ್ ಎಂಬ ಅಪರೂಪದ ಪ್ರತಿಜನಕವಿರುವವರಲ್ಲೂ ಟಿಎನ್ ಎಂಬ ಬದಲಾವಣೆಗೆ ಒಳಗಾದ ಕಣಗಳಲ್ಲೂ ಅದೇ ಸಕ್ಕರೆ ಹೊರಗೆ ಕಾಣುತ್ತದೆ. ಆಗ ಓ ಗುಂಪಿನ ಕಣವನ್ನೂ ಹುರುಳಿ ಹಿಡಿಯುತ್ತದೆ. ಅದಕ್ಕೇ ರಕ್ತನಿಧಿಯಲ್ಲಿ ಗೊತ್ತಿರುವ ಎ1 ಮತ್ತು ಎ2 ಕಣಗಳನ್ನು ಪಕ್ಕದಲ್ಲಿಟ್ಟುಕೊಂಡೇ ಈ ಪರೀಕ್ಷೆಯನ್ನು ಓದುತ್ತಾರೆ, ಒಂದೇ ಗಡ್ಡೆ ನೋಡಿ ತೀರ್ಪು ಕೊಡುವುದಿಲ್ಲ. ಪ್ರತಿಕಾಯದ ಜಗತ್ತು ಈ ಪಾಠವನ್ನು ತಡವಾಗಿ, ದುಬಾರಿಯಾಗಿ ಕಲಿಯಿತು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಬರುವ ಒಂದು ಬಗೆಯ ರಕ್ತಕ್ಯಾನ್ಸರಿನಲ್ಲಿ ಗಾಟಾ-1 ಜೀನ್ ಕೆಟ್ಟಿರುತ್ತದೆ ಎಂದು 2002ರಲ್ಲಿ ಗೊತ್ತಾಯಿತು. ಆ ಕೋಶಗಳು ಪ್ರೋಟೀನಿನ ಮುಂಭಾಗ ಕಡಿದುಹೋದ ಗಿಡ್ಡ ರೂಪವನ್ನು ಮಾತ್ರ ತಯಾರಿಸುತ್ತವೆ. ಮುಂಭಾಗಕ್ಕೆ ಅಂಟುವ ಪ್ರತಿಕಾಯ ಹಾಕಿದರೆ ಗಾಟಾ-1 ಇಲ್ಲವೇ ಇಲ್ಲ ಎಂದು ಕಾಣುತ್ತದೆ, ಹಿಂಭಾಗಕ್ಕೆ ಅಂಟುವುದನ್ನು ಹಾಕಿದರೆ ಇದೆ ಎಂದು ಕಾಣುತ್ತದೆ. ಎರಡೂ ಪ್ರತಿಕಾಯಗಳು ಒಳ್ಳೆಯವೇ. ಯಾವುದು ಎಲ್ಲಿ ಅಂಟುತ್ತದೆ ಎಂದು ತಿಳಿಯದೆ ಬಳಸಿದರೆ ಮಾತ್ರ ಮೋಸ. 2015ರಲ್ಲಿ ಆಂಡ್ರ್ಯೂ ಬ್ರಾಡ್‌ಬರಿ ಮತ್ತು ಆಂಡ್ರಿಯಾಸ್ ಪ್ಲೂಕ್‌ಥುನ್ ನೂರಕ್ಕೂ ಹೆಚ್ಚು ವಿಜ್ಞಾನಿಗಳ ಬೆಂಬಲದೊಂದಿಗೆ ‘ನೇಚರ್’ನಲ್ಲಿ ಬರೆದು, ಮಾರುಕಟ್ಟೆಯ ಅನೇಕ ಪ್ರತಿಕಾಯಗಳು ಹೇಳಿದ್ದನ್ನು ಹಿಡಿಯುವುದಿಲ್ಲ, ಇವಕ್ಕೊಂದು ಮಟ್ಟ ಬೇಕು ಎಂದು ಒತ್ತಾಯಿಸಿದರು. ಪರೀಕ್ಷಾದ್ರವದ ಬೆಲೆ ಅದರ ಕುಲದಿಂದ ಬರುವುದಿಲ್ಲ. ಯಾವುದನ್ನು ಹಿಡಿಯುತ್ತದೆ, ಯಾವುದನ್ನು ಬಿಡುತ್ತದೆ ಎಂದು ಒರೆಗೆ ಹಚ್ಚಿದ ಮೇಲೆ ಬರುತ್ತದೆ. ಹುರುಳಿ ಈ ಒರೆಯಲ್ಲಿ 70 ವರ್ಷಕ್ಕೂ ಮೇಲ್ಪಟ್ಟು ನಿಂತಿದೆ.

ಇಷ್ಟಕ್ಕೂ ಎ1, ಎ2 ಎಂದು ಬಿಡಿಸಿ ಆಗಬೇಕಾದ್ದೇನು ಎಂದು ಕೇಳುವವರಿದ್ದಾರೆ. ಹೆಚ್ಚಿನ ರಕ್ತದಾನಕ್ಕೆ ಈ ವ್ಯತ್ಯಾಸ ಮುಖ್ಯವಲ್ಲ ಎಂಬುದು ಸತ್ಯ. ಆದರೆ ಎ2 ಗುಂಪಿನ ಕೆಲವರ, ಎ2ಬಿ ಗುಂಪಿನ ಇನ್ನೂ ಹೆಚ್ಚಿನವರ ಸೀರಂನಲ್ಲಿ ಎ1 ವಿರುದ್ಧದ ಪ್ರತಿಕಾಯ ಇರುತ್ತದೆ. ಅಂಥವರ ಕಣ ಪರೀಕ್ಷೆ ಒಂದು ಹೇಳಿದರೆ ಸೀರಂ ಪರೀಕ್ಷೆ ಇನ್ನೊಂದು ಹೇಳುತ್ತದೆ, ರಕ್ತನಿಧಿ ಅಲ್ಲಿಯೇ ನಿಲ್ಲುತ್ತದೆ. ಗಂಟು ಬಿಡಿಸಲು ಹುರುಳಿಯ ದ್ರವ ಬೇಕು. ಮೂತ್ರಪಿಂಡ ಕಸಿಯಲ್ಲಿ ಎ2 ದಾನಿಯ ಅಂಗವನ್ನು ಎಚ್ಚರಿಕೆಯಿಂದ ಓ ಅಥವಾ ಬಿ ಗುಂಪಿನ ರೋಗಿಗೆ ಕೊಡುವ ಪದ್ಧತಿ ಕೆಲವು ಕೇಂದ್ರಗಳಲ್ಲಿದೆ. ದಾನಿ ಎ2 ಹೌದೋ ಅಲ್ಲವೋ ಎಂದು ಖಚಿತವಾಗದೆ ಅದು ಸಾಧ್ಯವಿಲ್ಲ. ಒಂದೇ ಸಂತತಿಯ ಕೋಶಗಳಿಂದ ಪಡೆಯುವ ಮಾನೋಕ್ಲೋನಲ್ ಪ್ರತಿಕಾಯಗಳು ಬಂದ ಮೇಲೆ ಎ ಮತ್ತು ಬಿ ಗುಂಪು ಗುರುತಿಸುವ ಮನುಷ್ಯ ಸೀರಂ ಬಹುತೇಕ ಮೂಲೆ ಸೇರಿತು. ಎ1 ಗುರುತಿಸುವ ಹುರುಳಿ ಮಾತ್ರ ತನ್ನ ಜಾಗ ಬಿಟ್ಟುಕೊಡಲಿಲ್ಲ. ಅಗ್ಗ, ಒಣ ಬೀಜವಾಗಿ ವರ್ಷಗಟ್ಟಲೆ ಇಡಬಹುದು, ಬೇಕೆಂದಾಗ ರಕ್ತನಿಧಿಯಲ್ಲೇ ತಯಾರಿಸಿಕೊಳ್ಳಬಹುದು.

ಕರ್ನಾಟಕದ ವಿಜ್ಞಾನ ಈ ವಿದ್ಯೆಯನ್ನು ದೂರದಿಂದ ನೋಡುತ್ತ ಕೂರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್, ಅವಧೇಶ ಸುರೋಲಿಯಾ ಮತ್ತು ಸಹೋದ್ಯೋಗಿಗಳು 1994ರಲ್ಲಿ ಕಡಲೆಕಾಯಿ ಲೆಕ್ಟಿನ್ನಿನ ಸ್ಫಟಿಕ ರಚನೆಯನ್ನು ಪ್ರಕಟಿಸಿದರು. ಅದರ ನಾಲ್ಕು ಘಟಕಗಳು ನಿರೀಕ್ಷಿತ ಸಮಮಿತಿಯಲ್ಲಿ ಕೂಡಿಲ್ಲದಿರುವುದು ಆ ಕ್ಷೇತ್ರಕ್ಕೇ ಹೊಸ ಸಂಗತಿಯಾಗಿತ್ತು. 1996ರಲ್ಲಿ ಹಲಸಿನ ಬೀಜದ ಜಾಕಲಿನ್ ರಚನೆಯೂ ಅಲ್ಲಿಂದಲೇ ಬಂತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಬಾಲೆ ಎಂ. ಸ್ವಾಮಿ ಮತ್ತು ಶಶಿಕಲಾ ಇನಾಮದಾರ್ ಬೆಳೆಗಳ ಬೇರು ಕಾಂಡ ಕೊಳೆಸುವ ಶಿಲೀಂಧ್ರಗಳಿಂದ ಲೆಕ್ಟಿನ್‌ಗಳನ್ನು ಬೇರ್ಪಡಿಸಿದರು. ರೈಜೋಕ್ಟೋನಿಯಾ ಬಟಾಟಿಕೋಲಾ ಎಂಬ ಶಿಲೀಂಧ್ರದ ಲೆಕ್ಟಿನ್ ಮನುಷ್ಯನ ಬಿಳಿ ರಕ್ತಕಣಗಳನ್ನು ವಿಭಜನೆಗೆ ತೊಡಗಿಸುತ್ತದೆ, ಆ ಸಂದೇಶ ಸ್ಟ್ಯಾಟ್-5 ಎಂಬ ಟ್ರಾನ್‌ಸ್ಕ್ರಿಪ್ಷನ್ ಫ್ಯಾಕ್ಟರಿನ ಮೂಲಕವೂ ಸಾಗುತ್ತದೆ ಎಂದು ಅವರು ಪುಣೆಯ ಸಂಶೋಧಕರ ಜೊತೆಗೂಡಿ ತೋರಿಸಿದರು. ಹೊಲದಿಂದ ಬಂದ ಅಣು ರಕ್ತಕಣದ ಹೊರಮೈಯನ್ನು ಮುಟ್ಟಿ, ಒಳಗಿನ ಟ್ರಾನ್‌ಸ್ಕ್ರಿಪ್ಷನ್ ಫ್ಯಾಕ್ಟರ್ ಕದಲಿದ್ದು ಪತ್ತೆಯಾಗುವ ಈ ಒಂದೇ ಅಧ್ಯಯನದಲ್ಲಿ ನಾನು ಹೇಳುತ್ತಿರುವ ಎರಡು ಚರಿತ್ರೆಗಳೂ ಕೂಡಿಕೊಂಡಿವೆ.

ಬೇಲೂರಿನ ಗುಡಿಯಲ್ಲಿ ಬಳ್ಳಿಗಾವಿಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ವಿಗ್ರಹಗಳ ಕೆಳಗೆ ತಮ್ಮ ಹೆಸರು ಕೆತ್ತಿದ್ದಾರೆ. ಹೊಯ್ಸಳ ಶಿಲ್ಪವನ್ನು ಹೆಸರಿಲ್ಲದವರ ಕೆಲಸವೆಂದು ಯಾರೂ ತಳ್ಳಿಹಾಕಲಾಗದ್ದು ಆ ಅಕ್ಷರಗಳಿಂದ. ರಕ್ತನಿಧಿಯ ಪುಟ್ಟ ಸೀಸೆಯ ಮೇಲೆ ಅಂಥ ಹೆಸರಿಲ್ಲ. ಅಲ್ಲಿರುವುದು ಡಾಲಿಕಾಸ್ ಬೈಫ್ಲೋರಸ್ ಎಂಬ ಹಳೆಯ ಸಸ್ಯನಾಮ, ಅದೂ ಈಗ ಚಾಲ್ತಿಯಲ್ಲಿಲ್ಲ. ಸಸ್ಯಶಾಸ್ತ್ರಜ್ಞರು ಹುರುಳಿಯನ್ನು ಮ್ಯಾಕ್ರೋಟೈಲೋಮಾ ಯೂನಿಫ್ಲೋರಮ್ ಎಂದು ಕರೆದು ಅರ್ಧ ಶತಮಾನವಾಯಿತು. ಅರಸೀಕೆರೆಯ ಕಾಲೇಜಿನ ಹುಡುಗಿಯೊಬ್ಬಳು ಆ ಸೀಸೆಯನ್ನು ಕೈಯಲ್ಲಿ ಹಿಡಿದರೂ ಅದು ತನ್ನ ಮನೆಯ ಕಣದಲ್ಲಿ ಒಕ್ಕಿದ ಕಾಳು ಎಂದು ತಿಳಿಯುವ ದಾರಿ ಅದರ ಮೇಲಿಲ್ಲ. ಹಾಸನ ಜಿಲ್ಲೆಯ ಜೀವಶಾಸ್ತ್ರದ ಮೇಷ್ಟ್ರುಗಳಲ್ಲಿ, ಉಪನ್ಯಾಸಕರಲ್ಲಿ ನನ್ನ ಕೇಳಿಕೆ ಇಷ್ಟೇ. ರಕ್ತಗುಂಪಿನ ಪಾಠ ಮಾಡುವ ದಿನ ಲ್ಯಾಂಡ್‌ಸ್ಟೈನರ್ ಹೆಸರಿನ ಜೊತೆಗೆ ಹುರುಳಿಯ ಹೆಸರನ್ನೂ ಬೋರ್ಡಿನ ಮೇಲೆ ಬರೆಯಿರಿ. ಬರ್ಡ್ ಅವರ ಟಿಪ್ಪಣಿ ‘ಕರೆಂಟ್ ಸೈನ್ಸ್’ 20ನೆಯ ಸಂಪುಟದ 298ನೆಯ ಪುಟದಲ್ಲಿದೆ, ಅದನ್ನು ಮಕ್ಕಳ ಕೈಗೆ ಕೊಟ್ಟು ಓದಿಸಿ.